ಟೇಪಕ್ಕ ಒಪ್ಪಿಕೊಂಡ ತಪ್ಪು

ಆ ಬೇಹುಗಾರಿಕೆಯ ಧಾರಾವಾಹಿ ಟಿವಿಯಲ್ಲಿ ಬರುತ್ತಿದ್ದ ದಿನ ಬೀದಿಯ ಅಂಗಡಿಯವರು ಕೂಡ ಗಿರಾಕಿಗಳನ್ನು ಬೇಗ ಸಾಗಹಾಕಿ ಮನೆಗೆ ಓಡುತ್ತಿದ್ದರು. ಗುಪ್ತಚರ ಇಲಾಖೆಯ ಒಂದು ಕಚೇರಿ. ಅಲ್ಲಿಯ ಗುಟ್ಟುಗಳನ್ನು ಒಳಗಿನವರೇ ಯಾರೋ ಶತ್ರುಗಳಿಗೆ ಮುಟ್ಟಿಸುತ್ತಿದ್ದಾರೆ. ಅದು ಯಾರೆಂದು ಕಂಡುಹಿಡಿಯಬೇಕಾದ ಅಧಿಕಾರಿಣಿ, ತನ್ನ ಪಕ್ಕ ಕೂತು ಉಣ್ಣುವವರನ್ನೇ ಅನುಮಾನದಿಂದ ನೋಡಬೇಕು. ಆ ಪಾತ್ರ ಮಾಡುತ್ತಿದ್ದ ನಟಿಯನ್ನು ಗುರುತಿಸದವರಿರಲಿಲ್ಲ. ಅವಳ ಬೂದು ಬಣ್ಣದ ಕೋಟನ್ನು ಹೊಲಿದವಳನ್ನು ಬಲ್ಲವರು ಮಾತ್ರ ಸೆಟ್ಟಿನ ಒಳಗಿನ ಕೆಲವರು.

ಆಕೆಯನ್ನು ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ಅಳತೆಯ ಟೇಪು ಆಕೆಯ ಕೊರಳಿನಿಂದ ಇಳಿಯುತ್ತಲೇ ಇರಲಿಲ್ಲ. ಒಮ್ಮೆ ಅದನ್ನು ಹಾಕಿಕೊಂಡೇ ಯಾರದೋ ಮದುವೆಗೆ ಹೋಗಿ, ಊಟ ಮುಗಿಸಿ, ಫೋಟೋಕ್ಕೂ ನಿಂತು ಬಂದಿದ್ದಳಂತೆ. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆಂದು ನಾಟಕ ಕಂಪನಿಯೊಂದರಲ್ಲಿ ಹೊಲಿಗೆಗೆ ಸೇರಿದಾಗ, ಈ ನಟಿ ಅಲ್ಲಿ ಸಣ್ಣಪುಟ್ಟ ಪಾತ್ರ ಮಾಡುವ ಹುಡುಗಿ. ಮೊದಲ ಪ್ರದರ್ಶನದಲ್ಲೇ ಅವಳ ಲಂಗದ ಅಂಚು ಬಿಚ್ಚಿಕೊಂಡಿತು. ಟೇಪಕ್ಕ ರಟ್ಟಿನ ಮರದ ಹಿಂದೆ ಅಂಬೆಗಾಲಿಕ್ಕಿ ಹೋಗಿ, ಹುಡುಗಿ ಮಾತು ಒಪ್ಪಿಸುತ್ತಿದ್ದಂತೆಯೇ ಅಂಚು ಹೊಲಿದು ಬಂದಳು. ಅಂದಿನಿಂದ ಆಕೆ ಅವಳಿಗೆ ಅಕ್ಕ, ಅವಳು ಆಕೆಗೆ ಪುಟ್ಟಿ. ಮುಂದೆ ಪುಟ್ಟಿ ದೊಡ್ಡ ಹೆಸರು ಮಾಡಿದಾಗಲೂ, ಹೊಸ ಕೆಲಸ ಒಪ್ಪಿಕೊಳ್ಳುವ ಮುಂಚೆ ಹೇಳುತ್ತಿದ್ದುದು ಒಂದೇ: "ನನ್ನ ಬಟ್ಟೆ ನಮ್ಮಕ್ಕನೇ ಹೊಲೀಬೇಕು."

ಧಾರಾವಾಹಿ ಅರ್ಧಕ್ಕೆ ಬಂದಾಗ ಒಂದು ಬೆಳಿಗ್ಗೆ ಕೋಟು ಅವಳ ಭುಜದಿಂದ ಜಾರಿತು. ಟೇಪಕ್ಕ ಬೆನ್ನಿನ ಹತ್ತಿರ ಬಟ್ಟೆ ಹಿಡಿದು ಗುಂಡುಸೂಜಿ ಚುಚ್ಚುತ್ತಾ ಗದರಿದಳು. "ಏನೇ ಇದು, ಊಟ ಬಿಟ್ಟಿದ್ದೀಯಾ?"

ಪುಟ್ಟಿ ಕನ್ನಡಿಯಲ್ಲೇ ಆಕೆಯನ್ನು ನೋಡಿದಳು. "ಬಾಗಿಲು ಹಾಕಕ್ಕ," ಎಂದಳು.

ಕಾಯಿಲೆಯ ಹೆಸರು ಕೇಳಿ ಟೇಪಕ್ಕ ಅಲ್ಲೇ ಇದ್ದ ಇಸ್ತ್ರಿ ಮೇಜಿಗೆ ಒರಗಿ ನಿಂತಳು.

"ಡಾಕ್ಟರಿಗೆ ಬಿಟ್ರೆ ನನ್ನ ತಮ್ಮಂಗೆ ಗೊತ್ತು. ಈಗ ನಿಂಗೆ," ಎಂದಳು ಪುಟ್ಟಿ. "ಇವರಿಗೆ ಗೊತ್ತಾದ್ರೆ ನಾಳೆನೇ ಬೇರೆಯವಳನ್ನ ತರ್ತಾರೆ. ಇದೊಂದು ಮುಗಿಸ್ಬಿಡ್ತೀನಿ ಅಕ್ಕ. ಮನೇಲಿ ಮಲಗಿ ಸಾಯೋದನ್ನ ಕಾಯ್ತಾ ಕೂರೋಕೆ ನನ್ನ ಕೈಲಾಗಲ್ಲ."

ಅಂದಿನಿಂದ ಟೇಪಕ್ಕನ ಕೆಲಸ ಎರಡು ಪಟ್ಟಾಯಿತು. ಕೋಟಿನ ಒಳಗೆ ಹತ್ತಿಯ ಪದರ ಕೂರಿಸಿ ಮೈ ತುಂಬಿದಂತೆ ಮಾಡಿದಳು. ಕುತ್ತಿಗೆಯ ಮೂಳೆ ಕಾಣದಂತೆ ಕಾಲರ್ ಎತ್ತರಿಸಿದಳು. ಇದು ಹೊಸ ಫ್ಯಾಷನ್ ಎಂದು ತಿಳಿದ ಹೆಂಗಸರು ಊರಿನ ದರ್ಜಿಗಳ ಬಳಿ ಅಂಥದ್ದೇ ಕಾಲರ್ ಹೊಲಿಸಿಕೊಳ್ಳತೊಡಗಿದರು. ಅದನ್ನು ಕೇಳಿ ಇಬ್ಬರೂ ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗು ಕೆಮ್ಮಾಗಿ, ಪುಟ್ಟಿ ಕುರ್ಚಿ ಹಿಡಿದು ಕೂರಬೇಕಾಯಿತು.

ನಿರ್ಮಾಪಕರಿಗೆ ಏನೋ ಸಂಶಯ ಬಂದಿರಬೇಕು. ಒಮ್ಮೆ ಟೇಪಕ್ಕನನ್ನು ಕರೆದು, "ಮೇಡಂ ಸಣ್ಣಗಾಗ್ತಿದ್ದಾರಾ?" ಎಂದು ಕೇಳಿದರು.

"ಡಯಟ್ ಅಂತೆ ಸಾರ್. ನನಗೂ ಮಾಡು ಅಂತಾರೆ. ನಾನು ಸಣ್ಣಗಾದ್ರೆ ನೋಡೋರು ಯಾರಿದ್ದಾರೆ?" ಎಂದು ಆಕೆ ನಗಿಸಿ ಬಂದಳು. ಬಟ್ಟೆ ಕೋಣೆಗೆ ಬಂದು ಕೋಟಿನೊಳಗೆ ಹತ್ತಿಯ ಇನ್ನೊಂದು ಪದರ ಕೂರಿಸಿದಳು.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಿರ್ಮಾಪಕರು ಪುಟ್ಟಿಯನ್ನು ಕೂರಿಸಿಕೊಂಡು, ಎಲ್ಲ ಗೊತ್ತಾಗಿದೆ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೆತ್ತಗೆ ಹೇಳಿದರು. ಅವಳು ನೇರ ಬಟ್ಟೆ ಕೋಣೆಗೆ ಬಂದು ಕೋಟು ಬಿಚ್ಚಿ ಮೇಜಿನ ಮೇಲಿಟ್ಟಳು. ಟೇಪಕ್ಕ ಹತ್ತಿರ ಹೋದರೆ ಹಿಂದೆ ಸರಿದಳು.

"ಡಾಕ್ಟರು ಹೇಳಲ್ಲ. ನನ್ನ ತಮ್ಮ ಪ್ರಾಣ ಹೋದ್ರೂ ಬಾಯಿ ಬಿಡಲ್ಲ. ಇನ್ಯಾರು ಉಳಿದ್ರು, ನೀವೇ ಹೇಳಿ," ಎಂದಳು.

ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ 'ನೀವು' ಎಂಬ ಮಾತು ಬಂದಿದ್ದು ಅದೇ ಮೊದಲು. ಟೇಪಕ್ಕ ಮೇಜಿನ ಮೇಲಿನ ಕೋಟನ್ನು ಎತ್ತಿಕೊಳ್ಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಕೆಲವು ದಿನಗಳ ಮೇಲೆ ಸೆಟ್ಟಿನ ಮ್ಯಾನೇಜರು ಚಹಾ ಕುಡಿಯುತ್ತಾ ಮಾತಿಗೆ ಮಾತು ಬಂದು ಹೇಳಿಬಿಟ್ಟ. "ಪಾಪ, ಆ ತಮ್ಮ ಬಂದು ಯಜಮಾನರ ಮುಂದೆ ಗಳಗಳ ಅತ್ತನಂತೆ. ಹೀಗೇ ಬಿಟ್ರೆ ಅಕ್ಕ ಕ್ಯಾಮೆರಾ ಮುಂದೆನೇ ಹೋಗ್ಬಿಡ್ತಾಳೆ, ನೀವೇ ನಿಲ್ಲಿಸಿ, ನಾನು ಹೇಳ್ದೆ ಅಂತ ಹೇಳ್ಬೇಡಿ ಅಂದನಂತೆ."

ಟೇಪಕ್ಕನ ಮೈ ಉರಿದುಹೋಯಿತು. ಇವನು ಮಾಡಿದ್ದಕ್ಕೆ ತಾನು ಕಳ್ಳಿಯಾಗಬೇಕೇ? ಅವನ ಎದುರಿಗೇ ಎಲ್ಲವನ್ನೂ ಹೇಳಿಬಿಡಬೇಕೆಂದು, ಕೆಲಸ ಅರ್ಧಕ್ಕೆ ಬಿಟ್ಟು ಪುಟ್ಟಿಯ ಮನೆಗೆ ಹೋದಳು.

ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ತಮ್ಮ ಮಂಚದ ಅಂಚಿಗೆ ಕೂತು ಅಕ್ಕನಿಗೆ ಗಂಜಿ ಕುಡಿಸುತ್ತಿದ್ದ. ಒಂದು ಚಮಚ ಒಳಗೆ ಹೋಗುವುದು, ಅರ್ಧ ಹೊರಗೆ ಬರುವುದು. ಅವನು ಬೇಸರಿಸದೆ ಒರೆಸುತ್ತಿದ್ದ. ಕ್ಷೌರ ಕಾಣದ ಮುಖ, ನಿದ್ದೆಗೆಟ್ಟ ಕಣ್ಣು. ಪುಟ್ಟಿ ಅವನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು, ಬಿಟ್ಟರೆ ಎಲ್ಲಿ ಹೋಗಿಬಿಡುತ್ತಾನೋ ಎನ್ನುವ ಹಾಗೆ. ಟೇಪಕ್ಕನನ್ನು ಕಂಡದ್ದೇ ತಮ್ಮನ ಕೈಯಲ್ಲಿದ್ದ ಚಮಚ ನಿಂತಿತು.

ಪುಟ್ಟಿ ತಲೆ ತಿರುಗಿಸಿದಳು. "ಯಾಕೆ ಹೇಳಿದ್ರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಟೇಪಕ್ಕನಿಗೆ ಅದೇ ಕಷ್ಟವಾಯಿತು.

ಅವಳ ಮುಷ್ಟಿಯಲ್ಲಿದ್ದ ಅಂಗಿಯ ತುದಿಯನ್ನು ಟೇಪಕ್ಕ ನೋಡಿದಳು. ನಿಜ ಹೇಳಿದರೆ ಆ ಮುಷ್ಟಿ ಸಡಿಲುತ್ತದೆ. ಆಮೇಲೆ ಇವಳು ಹಿಡಿದುಕೊಳ್ಳುವುದು ಯಾರನ್ನು?

"ಭಯ ಆಯ್ತು ಪುಟ್ಟಿ," ಎಂದಳು. "ತಡ್ಕೊಳ್ಳೋಕಾಗ್ಲಿಲ್ಲ. ಹೇಳ್ಬಿಟ್ಟೆ."

ಪುಟ್ಟಿ ಗೋಡೆಯ ಕಡೆ ಮಗ್ಗುಲಾದಳು. ತಮ್ಮ ತಲೆ ಎತ್ತಲಿಲ್ಲ. ಟೇಪಕ್ಕ ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಆಮೇಲೆ ಎಷ್ಟೋ ಸಲ ಆ ಮನೆಯ ತಿರುವಿನವರೆಗೂ ಹೋಗಿ ಬಂದಳು. ಒಳಗಿನಿಂದ ಕರೆ ಬರಲಿಲ್ಲ.

ಪುಟ್ಟಿ ಬೇಸಗೆ ಮುಗಿಯುವ ಮುಂಚೆಯೇ ತೀರಿಕೊಂಡಳು. ಅಧಿಕಾರಿಣಿ ಕಥೆಯಿಂದ ಕಾಣೆಯಾದದ್ದಕ್ಕೆ ಕಾರಣ ಬೇಕಿತ್ತಲ್ಲ, ಧಾರಾವಾಹಿಯವರು ಅವಳನ್ನೇ ದ್ರೋಹಿಯನ್ನಾಗಿ ಮಾಡಿ, ಗಡಿ ದಾಟಿ ಓಡಿಹೋದಳು ಎಂದು ತೋರಿಸಿದರು. ಆ ಕಂತು ನೋಡಿದ ಮಾರನೆಯ ದಿನ ಟೇಪಕ್ಕ ಕೆಲಸ ಬಿಟ್ಟಳು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸಣ್ಣ ಅಂಗಡಿ ಹಿಡಿದು, ಹಳೆ ಬಟ್ಟೆ ಸರಿಮಾಡಿಕೊಡುತ್ತಾ ಕೂತಳು. "ನಂಗೆ ಮೊದಲಿಂದ್ಲೂ ಅವಳ ಮೇಲೇ ಡೌಟು," ಎಂದು ಗಿರಾಕಿಗಳು ಮಾತಾಡಿಕೊಳ್ಳುವಾಗ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೊಲಿಗೆ ಮುಂದುವರಿಸುತ್ತಿದ್ದಳು.

ಒಂದು ದಿನ ತಮ್ಮ ಬಂದ. ಕೈಯಲ್ಲಿ ಉದ್ದ ಕಡಿಮೆ ಮಾಡಿಸಬೇಕಾದ ಒಂದು ಪ್ಯಾಂಟು. ಅದನ್ನು ಕೊಟ್ಟು ಸ್ಟೂಲಿನ ಮೇಲೆ ಕೂತವನು ಅಳತೊಡಗಿದ. ಟೇಪಕ್ಕ ಮಷಿನ್ನು ನಿಲ್ಲಿಸಲಿಲ್ಲ.

"ಹೇಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ ಅಕ್ಕ. ಬಾಯೇ ಬರ್ಲಿಲ್ಲ."

"ಹೇಳಿದ್ರೆ ಅವಳು ನಿನ್ನ ಕೈಯಿಂದ ಊಟ ಮಾಡ್ತಿದ್ಲಾ?"

ಅವನು ಇಲ್ಲವೆಂದು ತಲೆಯಾಡಿಸಿದ.

ದಾರ ಕಡಿದು ಆಕೆ ಇನ್ನೊಂದು ಕಾಲನ್ನು ಸೂಜಿಯ ಕೆಳಗಿಟ್ಟಳು. ಅದನ್ನೂ ಹೊಲಿದು ಮುಗಿಸಿ ಕೇಳಿದಳು. "ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

ಅವನು ಕಣ್ಣೊರೆಸಿಕೊಂಡ. ಆಕೆಗೆ ಸಮಾಧಾನವಾಗಲೆಂದು ಏನಾದರೂ ಕಟ್ಟಿ ಹೇಳಬಹುದಿತ್ತು.

"ಇಲ್ಲ ಅಕ್ಕ. ಏನೂ ಅನ್ಲಿಲ್ಲ."

ಟೇಪಕ್ಕ "ಹೂಂ" ಎಂದಳು. ಪ್ಯಾಂಟನ್ನು ಮಡಿಸಿ, ಅಂಗೈಯಿಂದ ನೀವಿ ಸುಕ್ಕು ತೆಗೆದು ಅವನ ಕೈಗಿಟ್ಟಳು. ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿದ್ದಳು.