ಮೇಷ್ಟ್ರ ಸೀಟಿಗೆ ಜಟ್ಟಿ ಓಡಿದ ದಿಕ್ಕು

ಗಂಗಾಧರಯ್ಯನವರು ಮೂವತ್ತೊಂದು ವರ್ಷ ನಮ್ಮೂರ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ಊರು ಕಣಕಟ್ಟೆ ಹೋಬಳಿಯದು, ಸುತ್ತ ತೆಂಗಿನ ತೋಟ, ರಾಗಿ ಹೊಲ. ಅವರು ಒಂದು ಸಲ ಸೀಟಿ ಊದಿದರೆ ಮೈದಾನದಲ್ಲಿದ್ದ ಇನ್ನೂರು ಮಕ್ಕಳೂ ನಿಂತಲ್ಲೇ ನಿಲ್ಲುತ್ತಿದ್ದರು. ಆ ಇನ್ನೂರರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ಅದೇ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೇಷ್ಟ್ರು ನಿವೃತ್ತರಾಗಿ ಮೂರು ವರ್ಷವಾಯಿತು. ನನಗೆ ತಿಳಿದಂತೆ ಅವರ ಮಾತು ಕೇಳದ ಮೊದಲ ಜೀವ ಒಂದು ಗ್ರೇಹೌಂಡ್ ನಾಯಿ.

ಅದನ್ನು ತಂದುಕೊಟ್ಟವನು ಅವರ ಹಳೆಯ ಶಿಷ್ಯ ಉದಯಕುಮಾರ್. ಪೊಲೀಸ್ ಇಲಾಖೆಯಲ್ಲಿದ್ದಾನೆ. ವರ್ಗವಾಗಿ ಎರಡನೇ ಮಹಡಿಯ ಕ್ವಾರ್ಟರ್ಸ್ ಸಿಕ್ಕಿದಾಗ, ಎರಡು ವರ್ಷದ ಗಂಡುನಾಯಿಯನ್ನು ಮೇಷ್ಟ್ರ ಅಂಗಳದಲ್ಲಿ ಇಳಿಸಿ ಹೋದ. ಅವನಿಟ್ಟ ಹೆಸರು ಜೆಟ್. ಮೇಷ್ಟ್ರ ಹೆಂಡತಿ ಕಮಲಾಕ್ಷಮ್ಮನವರ ಬಾಯಲ್ಲಿ ಅದು ವಾರದೊಳಗೆ ಜಟ್ಟಿಯಾಯಿತು. ಬೂದು ಮೈ, ಉದ್ದ ಕಾಲು, ಎಣಿಸಬಹುದಾದ ಪಕ್ಕೆಲುಬು.

"ಏನ್ರೀ ಇದು, ನಮ್ಮನೇಲಿ ಊಟಕ್ಕೆ ಗತಿಯಿಲ್ಲ ಅಂತ ಊರಿಗೆಲ್ಲ ಹೇಳೋ ಹಂಗೈತಲ್ಲ!" ಎಂದು ಕಮಲಾಕ್ಷಮ್ಮ ಮುದ್ದೆಗೆ ತುಪ್ಪ ಸವರಿ ಹಾಕಿದರು.

ಮೊದಲ ಭಾನುವಾರ ಮೇಷ್ಟ್ರು ಅದನ್ನು ಒಣಗಿದ ಕೆರೆಯಂಗಳಕ್ಕೆ ಕರೆದೊಯ್ದು ಹಗ್ಗ ಬಿಚ್ಚಿದರು. ಜಟ್ಟಿ ತೂಬಿನ ಕಲ್ಲಿನಿಂದ ಆಚೆಯ ಹೊಂಗೆ ಮರದವರೆಗೆ ಓಡಿತು. ಜೇಬಿನ ಸ್ಟಾಪ್‌ವಾಚಿನಲ್ಲಿ ಹದಿನಾಲ್ಕು ಸೆಕೆಂಡು. ಮರುದಿನ ಶಾಲೆಯ ಟೇಪು ಎರವಲು ತಂದು ದೂರ ಅಳೆದರು, ಇನ್ನೂರ ಹತ್ತು ಮೀಟರ್. ಅವರು ತಯಾರು ಮಾಡಿದ ಅತಿ ವೇಗದ ಹುಡುಗಿಗೆ ಇನ್ನೂರು ಮೀಟರಿಗೆ ಇಪ್ಪತ್ತೆಂಟು ಸೆಕೆಂಡು ಬೇಕಾಗಿತ್ತು. "ಇಂಥ ಓಟಗಾರ ನಂಗೆ ಸರ್ವೀಸಿನಲ್ಲಿ ಒಬ್ಬನೂ ಸಿಗಲಿಲ್ಲ ಕಣಮ್ಮ" ಎಂದು ನನಗೆ ಹೇಳಿದರು.

ಆದರೆ ಆ ಭಾನುವಾರವೇ ಜಟ್ಟಿ ಹೊಂಗೆ ಮರದ ಹತ್ತಿರ ನಿಲ್ಲದೆ ಕುರಿಮಂದೆಯೊಳಗೆ ನುಗ್ಗಿತ್ತು. ಕಚ್ಚಲಿಲ್ಲ. ಬೆದರಿದ ಕುರಿಯೊಂದು ಬಿದ್ದು ಕಾಲು ಮುರಿದುಕೊಂಡಿತು. ಊರ ಹಿರಿಯ, ಶಾಲಾ ಸಮಿತಿಯ ಅಧ್ಯಕ್ಷ ಮರುಳಪ್ಪ ಮನೆಗೇ ಬಂದು, ನಾಯಿಯನ್ನು ಕಟ್ಟಿಹಾಕಬೇಕು, ಇಲ್ಲವೇ ವಾಪಸು ಕಳಿಸಬೇಕು ಎಂದರು. ಜಟ್ಟಿ ಒಂದು ತಿಂಗಳು ತೆಂಗಿನ ಮರಕ್ಕೆ ಕಟ್ಟಿಸಿಕೊಂಡು, ಇಡೀ ದಿನ ರಸ್ತೆಯತ್ತ ಮುಖಮಾಡಿ ನಿಂತಿತು. ಮೇಷ್ಟ್ರಿಗೆ ಅದನ್ನು ನೋಡಲಾಗಲಿಲ್ಲ. ಕಾಂಪೌಂಡಿರುವ ಶಾಲೆಯ ಮೈದಾನವನ್ನಾದರೂ ಬೆಳಿಗ್ಗೆ ಆರರಿಂದ ಏಳರವರೆಗೆ ಬಿಟ್ಟುಕೊಡಿ ಎಂದು ಸಮಿತಿಗೆ ಅರ್ಜಿ ಕೊಟ್ಟರು.

"ಕೊಡಾಣ" ಎಂದರು ಮರುಳಪ್ಪ. "ಎರಡು ತಿಂಗಳು ಟೈಮು. ನಮ್ಮೆಲ್ಲರ ಮುಂದೆ ಅದು ಕೂರು ಅಂದ್ರೆ ಕೂರಬೇಕು, ನೀವು ಕರೆದ್ರೆ ಬರಬೇಕು. ಆಗದಿದ್ರೆ ಉದಯನಿಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡೋಗ್ಲಿ."

ಮೇಷ್ಟ್ರು ಹಿತ್ತಲಿನಲ್ಲಿ ತರಬೇತಿ ಶುರುಮಾಡಿದರು. ಜಟ್ಟಿ ಎಷ್ಟು ಸಲ ಮಾತು ಕೇಳಿತೆಂದು ಪುಸ್ತಕದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಅವರ ಮನೆಯಲ್ಲಿ ಎಲ್ಲರೂ ಇಷ್ಟಲಿಂಗ ಕಟ್ಟಿದವರು, ಮೊಟ್ಟೆ ಕೂಡ ಹೊಸಿಲು ದಾಟಿದ್ದಿಲ್ಲ. ಹಾಗಾಗಿ ಬಹುಮಾನವೆಂದು ಅವರು ಇಟ್ಟುಕೊಂಡದ್ದು ಕೊಬ್ಬರಿ ಚೂರು. ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿ ಬೇಡ ಎನ್ನುವ ಜೀವ ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ.

"ಕೂರು!"

ಜಟ್ಟಿ ನಿಂತೇ ಇತ್ತು.

"ಕೂರು ಅಂದೆ. ಸಿಟ್! ಏನ್ಲಾ, ಮೂರು ಭಾಷೇಲಿ ಹೇಳ್ಬೇಕಾ ನಿಂಗೆ?"

ಅದು ಕೊಬ್ಬರಿಯನ್ನು ಮೂಸಿ, ಕತ್ತು ತಿರುಗಿಸಿ, ಆಕಳಿಸಿತು. ಸೊಂಟ ಒತ್ತಿದರೆ ಹಿಂಗಾಲು ನಡುಗಿಸುತ್ತಾ ಅರ್ಧ ಬಗ್ಗಿ ಮತ್ತೆ ಎದ್ದು ನಿಲ್ಲುತ್ತಿತ್ತು. ಇಪ್ಪತ್ತೊಂದು ದಿನ, ದಿನಕ್ಕೆ ಇಪ್ಪತ್ತು ಸಲ ಕರೆದೆವು. ಮೊದಲ ದಿನ ಆರು ಸಲ ಬಂದಿತು, ಹತ್ತನೇ ದಿನ ಮೂರು ಸಲ, ಕೊನೆಯ ದಿನ ಒಂದು ಸಲ. ಆ ಒಂದು ಸಲವೂ ನೆರಳು ಮೇಷ್ಟ್ರಿದ್ದ ಕಡೆಗಿತ್ತು.

ನಾಯಿಗಳ ಅಡೆತಡೆ ಓಟವನ್ನು ಫೋನಿನಲ್ಲಿ ನೋಡಿದ ಮೇಲೆ ಮೇಷ್ಟ್ರಿಗೆ ಹೊಸ ಹುರುಪು ಬಂತು. ಖೋಖೋದಲ್ಲಿ ಹುಡುಗಿಯರು ಕೂರುವ ಅಳತೆಗೆ ಎಂಟು ಕೋಲು ನೆಟ್ಟರು. ಹುಡುಗಿಯರಿಗೆ ಕಲಿಸಿದಂತೆ ಒಂದು ಕೋಲಿನ ಎಡಕ್ಕೆ, ಮುಂದಿನದರ ಬಲಕ್ಕೆ ಜಟ್ಟಿ ನುಸುಳಬೇಕು. ಆಮೇಲೆ ಇಟ್ಟಿಗೆಯ ಮೇಲೆ ತೆಂಗಿನ ಮಟ್ಟೆ ಇಟ್ಟು ಮಾಡಿದ ತಡೆ ಹಾರಬೇಕು, ನೇತುಹಾಕಿದ ಸ್ಕೂಟರ್ ಟೈರಿನೊಳಗೆ ತೂರಬೇಕು. ಅರವತ್ಮೂರು ವರ್ಷದ ಮೇಷ್ಟ್ರು ತಾವೇ ಕೋಲುಗಳ ನಡುವೆ ನುಸುಳಿ, ಮಟ್ಟೆ ಹಾರಿ ತೋರಿಸಿದರು. ಜಟ್ಟಿ ಗಮನವಿಟ್ಟು ನೋಡಿತು. ಆಮೇಲೆ ಎಲ್ಲ ಅಡೆತಡೆಗಳ ಪಕ್ಕದಲ್ಲಿ ನೇರವಾಗಿ ನಡೆದುಹೋಗಿ ಆ ತುದಿಯಲ್ಲಿ ಮಲಗಿತು.

"ಅದಕ್ಕೇ ಬುದ್ಧಿ ಐತೆ" ಎಂದರು ಒಳಗಿನಿಂದ ಕಮಲಾಕ್ಷಮ್ಮ.

ಮೇಷ್ಟ್ರು ಮಟ್ಟೆಯನ್ನು ಕಾಲಿನಿಂದ ಒದ್ದರು. ಅವರು ಮಕ್ಕಳ ಎದುರು ಹಾಗೆ ಏನನ್ನಾದರೂ ಒದ್ದದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ, ಮುದ್ದೆಯೊಳಗೆ ಅಡಗಿಸಿ ತಿನ್ನಿಸಿದ ಕೊಬ್ಬರಿಯ ಜಿಡ್ಡಿಗೆ ಜಟ್ಟಿಯ ಹೊಟ್ಟೆ ಕೆಟ್ಟಿತು. ಆಟೋದಲ್ಲಿ ಅರಸೀಕೆರೆಯ ದನದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ತೊಡೆ ಮುಟ್ಟಿ ನೋಡಿದರು.

"ಮೇಷ್ಟ್ರೇ, ಈ ಜಾತಿಗೆ ತೊಡೆಯ ಸ್ನಾಯು ದಪ್ಪ, ಮೈಯಲ್ಲಿ ಕೊಬ್ಬಿಲ್ಲ. ಗಟ್ಟಿ ನೆಲದ ಮೇಲೆ ಕೂರೋದು ಅದಕ್ಕೆ ಹಿಂಸೆ. ನಿಲ್ಲೋದನ್ನೇ ಕಲಿಸಿ. ಮತ್ತೆ ಕೊಬ್ಬರಿಗೆ ಯಾವ ನಾಯಿ ರೀ ಕೆಲಸ ಮಾಡುತ್ತೆ? ಬೇಯಿಸಿದ ಕೋಳಿ ಚೂರು ಕೊಡಿ."

ಮೇಷ್ಟ್ರು ಅಂಗಿಯ ಮೇಲಿಂದ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. ಮನೆ ಮುಂದೆ ಇಳಿದಾಗ, "ಅದೊಂದು ನನ್ ಕೈಲಿ ಆಗಲ್ಲ" ಎಂದರು.

ದಾರಿ ಹುಡುಕಿದವಳು ನಾನು. ಶಾಲೆಯ ಹಿಂದಿನ ಬೀದಿಯಲ್ಲಿ ಲಕ್ಕಮ್ಮನ ಮನೆ. ಆಕೆ ಅರಸೀಕೆರೆಯ ಗಾರ್ಮೆಂಟ್ಸಿಗೆ ಹೋಗುವವಳು, ಬೆಳಿಗ್ಗೆ ಆರೂವರೆಗೆ ಬಸ್ಸು. ಸಂಜೆ ಮನೆ ಸೇರಿದ ಮೇಲೆ ಬಂದು ಸಹಾಯ ಮಾಡಲು ಒಪ್ಪಿದಳು. ಹಿತ್ತಲಿಗೆ ಕೋಳಿ ತರುವಂತಿಲ್ಲ, ಅದಕ್ಕೆ ಆಕೆಯ ಮನೆ ಪಕ್ಕದ ಬಯಲಿಗೆ ಹೋದೆವು. ಮೇಷ್ಟ್ರು ಒಂದು ತುದಿಯಲ್ಲಿ ಜಟ್ಟಿಗೆ ಕಟ್ಟಿದ ಉದ್ದ ಹಗ್ಗ ಹಿಡಿದು ಸೀಟಿ ಊದುವುದು, ಲಕ್ಕಮ್ಮ ಇನ್ನೊಂದು ತುದಿಯಲ್ಲಿ ತನ್ನ ಮನೆ ಬಾಗಿಲಲ್ಲಿ ಡಬ್ಬಿ ಹಿಡಿದು, ಓಡಿಬಂದ ಜಟ್ಟಿಗೆ ಕೋಳಿ ಚೂರು ಕೊಡುವುದು.

ಮೊದಲ ಸಂಜೆ ಇಪ್ಪತ್ತಕ್ಕೆ ಹದಿನೇಳು. ನಾಲ್ಕನೇ ಸಂಜೆಯಿಂದ ಇಪ್ಪತ್ತಕ್ಕೆ ಇಪ್ಪತ್ತು. "ನಿಲ್ಲು" ಎಂದರೆ ಸೀಟಿ ಊದುವ ತನಕ ನಿಲ್ಲುವುದನ್ನೂ ಕಲಿಯಿತು. ಮೇಷ್ಟ್ರ ಮುಖ ಅರಳಿತು.

"ನೋಡ್ದಾ? ನನ್ ವಿಷಲ್‌ಗೆ ಬೆಲೆ ಇನ್ನೂ ಐತೆ."

ಲಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಏಕೆ ನಕ್ಕಳೆಂದು ನಾನು ಆಗಲೇ ಕೇಳಬೇಕಾಗಿತ್ತು.

ಪರೀಕ್ಷೆ ಒಂದು ಶನಿವಾರ ಸಂಜೆ. ಸಮಿತಿಯ ಐದು ಜನ ಮೈದಾನದ ಕಟ್ಟೆಯ ಮೇಲೆ ಕುಳಿತರು. ಕೂರುವ ಬದಲು ನಿಲ್ಲುವುದಕ್ಕೆ ಡಾಕ್ಟರ ಚೀಟಿ ತೋರಿಸಿ ಒಪ್ಪಿಸಿದ್ದೆವು. ಮೇಷ್ಟ್ರು ಹಗ್ಗ ಬಿಚ್ಚಿ, "ನಿಲ್ಲು" ಎಂದು ಐವತ್ತು ಹೆಜ್ಜೆ ದೂರ ನಡೆದರು. ಜಟ್ಟಿ ಕದಲಲಿಲ್ಲ. ಮೇಷ್ಟ್ರು ತಿರುಗಿ ಸೀಟಿ ಊದಿದರು.

ಜಟ್ಟಿ ಬಿಟ್ಟ ಬಾಣದಂತೆ ಹೊರಟಿತು. ಮೇಷ್ಟ್ರು ಎರಡೂ ತೋಳು ಚಾಚಿದರು. ಅದು ಅವರ ಪಕ್ಕದಲ್ಲೇ ಹಾದು, ತೆರೆದಿದ್ದ ಗೇಟಿನಿಂದ ಹೊರಗೆ ಹೋಯಿತು. ರಸ್ತೆಯಲ್ಲಿ ಅದೇ ಕುರಿಮಂದೆ ಬರುತ್ತಿತ್ತು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಜಟ್ಟಿ ಕುರಿಗಳ ಕಡೆ ನೋಡಲೂ ಇಲ್ಲ. ಮಂದೆಯ ಅಂಚಿನಲ್ಲೇ ಬಳಸಿ ಹಿಂದಿನ ಬೀದಿಗೆ ತಿರುಗಿತು.

ಸೀಟಿ ಅಂದರೆ ಲಕ್ಕಮ್ಮನ ಮನೆ ಬಾಗಿಲು. ಮೂರು ವಾರ ನಾವು ಕಲಿಸಿದ್ದು ಅದನ್ನೇ, ಅದು ಒಪ್ಪಿಸಿದ್ದೂ ಅದನ್ನೇ. ಎಂಟನೇ ತರಗತಿಯ ಮಕ್ಕಳಿಗೂ ಗೊತ್ತಾಗುವ ತಪ್ಪು. ಆ ಪುಸ್ತಕ ತುಂಬ ಲೆಕ್ಕ ಬರೆದವಳು ನಾನು, ಓಟದ ತುದಿ ಎಲ್ಲಿದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಐದು ನಿಮಿಷದಲ್ಲಿ ಲಕ್ಕಮ್ಮ ಜಟ್ಟಿಯ ಪಟ್ಟಿ ಹಿಡಿದು ಬಂದಳು. ಗಾರ್ಮೆಂಟ್ಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. "ವಿಷಲ್ ಕೇಳ್ತು, ಬಂದವ್ನೆ ಮೇಷ್ಟ್ರೇ. ನಾನಿನ್ನೂ ಕೈಕಾಲು ತೊಳ್ದಿಲ್ಲ."

ಮರುಳಪ್ಪ ತುಂಬ ಹೊತ್ತು ನಕ್ಕರು. ಆಮೇಲೆ ಗಂಭೀರವಾದರು. "ಕುರಿ ಮುಟ್ಟಲಿಲ್ಲ, ಅದನ್ನ ನಾನು ಒಪ್ತೀನಿ. ಲಕ್ಕಮ್ಮ ಜೊತೇಲಿ ನಿಂತ್ರೆ ಬೆಳಿಗ್ಗೆ ಬಿಡಿ. ನೀವೊಬ್ರೇ ಆದ್ರೆ ಬೇಡ."

"ಹಂಗಾದ್ರೆ ಇದು ಯಾರ ನಾಯಿ ಮರುಳಪ್ಪ?" ಎಂದರು ಮೇಷ್ಟ್ರು. "ಮುದ್ದೆ ಹಾಕೋನು ನಾನು, ಮೈ ತೊಳೆಯೋನು ನಾನು. ಎರಡು ತಿಂಗಳು ಕೋತಿ ಥರ ಹಾರಿ ತೋರಿಸಿದೋನು ನಾನು!"

ಲಕ್ಕಮ್ಮನೇ ಮಾತನಾಡಿದಳು.

"ನಾ ಆರೂವರೆ ಬಸ್ಸಿಗೆ ಹೋಗ್ಬೇಕು ಮೇಷ್ಟ್ರೇ. ದಿನಾ ಬಂದು ನಿಲ್ಲಕ್ಕೆ ನಂಗಾಗಕಿಲ್ಲ. ಕೋಳಿ ನಾ ಬೇಯಿಸಿ ಕೊಡ್ತೀನಿ. ಡಬ್ಬಿ ನೀವೇ ಹಿಡ್ಕಬೇಕು. ಇಲ್ದಿದ್ರೆ ಉದಯಣ್ಣನ್ನ ಕರ್ಸಿ, ಪಾಪ, ಕಟ್ಟಾಕಿ ಮಾತ್ರ ಸಾಯಿಸ್ಬೇಡಿ."

ಹಾಗಾದರೂ ಸರಿ ಎಂದು ಮರುಳಪ್ಪ ತಲೆಯಾಡಿಸಿದರು. ಮೇಷ್ಟ್ರು ಯಾರನ್ನೂ ನೋಡದೆ, ಜಟ್ಟಿಗೆ ಹಗ್ಗ ಹಾಕಿ ಮನೆಗೆ ನಡೆದರು. ನಾನು ಹಿಂದೆಯೇ ಹೋದೆ. ಜಗಲಿಯ ಮೇಲೆ ಕುಳಿತು ಕಮಲಾಕ್ಷಮ್ಮನವರಿಗೆ ನಡೆದದ್ದನ್ನೆಲ್ಲ ಹೇಳಿದರು, ಕೋಳಿಯ ವಿಷಯವನ್ನೂ ಬಿಡಲಿಲ್ಲ.

"ತಿನ್ನು ಅಂತ ನಿಮಗ್ಯಾರೂ ಹೇಳ್ತಿಲ್ವಲ್ಲ" ಎಂದರು ಕಮಲಾಕ್ಷಮ್ಮ. "ಡಬ್ಬಿ ಅಲ್ಲೇ ಲಕ್ಕಮ್ಮನ ಮನೆ ಜಗಲೀಲಿ ಇಟ್ಟು ಬನ್ನಿ. ಬರ್ತಾ ಹಿತ್ತಲ ಬಾಗಿಲಲ್ಲಿ ಬನ್ನಿ, ಬಚ್ಚಲಲ್ಲಿ ಬಿಸಿನೀರು ಕಾಯಿಸಿರ್ತೀನಿ. ಸ್ನಾನ ಆಗದೆ ಪೂಜೆ ಕೋಣೆ ಕಡೆ ಬಂದೀರಾ, ಜೋಕೆ."

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಮೇಷ್ಟ್ರು ಲಕ್ಕಮ್ಮನ ಬಾಗಿಲ ಮುಂದೆ ನಿಂತು, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಡಬ್ಬಿಗೆ ಬಲಗೈ ಚಾಚಿದರು.