ನಾಲ್ಕನೆಯ ಸಲ

ದೋಹಾದ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕಟ್ಟಡದ ನಕ್ಷೆ ಬಿಡಿಸುತ್ತಿದ್ದವನು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತ. ಮಣಿಕಟ್ಟಿನ ಒಳಬದಿಯಲ್ಲಿ ಶಿಲುಬೆಯ ಹಚ್ಚೆ. ಅವರ ಪಂಚಾಂಗದಲ್ಲಿ ದಿನಕ್ಕೊಬ್ಬರಾದರೂ ಹುತಾತ್ಮರು. ಚಹಾದ ಹೊತ್ತಿಗೆ ಆ ದಿನದವರ ಕಥೆ ಹೇಳುತ್ತಿದ್ದ. ರೋಮನ್ ಅಧಿಕಾರಿಯ ಮುಂದೆ, ಕ್ರಿಸ್ತನನ್ನು ನಂಬುವುದಿಲ್ಲ ಎಂದು ಒಂದೇ ಒಂದು ಸುಳ್ಳು ಹೇಳಿದ್ದರೆ ಅವರೆಲ್ಲ ಬದುಕುತ್ತಿದ್ದರಂತೆ. ಒಬ್ಬನನ್ನಂತೂ ಮೂರು ಸಲ ಕೊಂದರಂತೆ, ಮೂರು ಸಲವೂ ದೇವರು ಎಬ್ಬಿಸಿದನಂತೆ.

"ಸಾಯಲಿಕ್ಕೂ ಓವರ್‌ಟೈಮಾ?" ಎಂದೆ. ಎಂಜಿನಿಯರಿಂಗ್ ಓದಿದ ಸೊಕ್ಕು.

"ನಗು ಅಖೀ, ನಗು ತಮ್ಮಾ. ನಾಲ್ಕನೆಯ ಸಲ ತಲೆ ಕಡಿದರು. ಆಮೇಲೆ ಏಳಲಿಲ್ಲ."

ಇದು ತೊಂಬತ್ತೈದೋ ತೊಂಬತ್ತಾರೋ. ಅದಾದ ಕೆಲವೇ ವಾರಗಳಲ್ಲಿ ನಮ್ಮ ಮಗ ಏಳನೆಯ ತಿಂಗಳಿಗೇ ಹುಟ್ಟಿದ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದವನ ಉಸಿರು ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಯಂತ್ರ ಕೂಗಿಕೊಳ್ಳುತ್ತಿತ್ತು. ಮಲಯಾಳಿ ನರ್ಸ್ ಕೈ ತೂರಿಸಿ ಅಂಗಾಲಿಗೆ ಬೆರಳಿನಿಂದ ಚಿಮ್ಮಿದರೆ ಮತ್ತೆ ಶುರುವಾಗುತ್ತಿತ್ತು. ತಿಂಗಳು ತುಂಬದ ಮಕ್ಕಳಿಗೆ ಹೀಗಾಗುವುದುಂಟು ಎಂದು ಆಕೆ ಹೇಳಿದರೂ ನಾನು ಎಣಿಸತೊಡಗಿದೆ. ಎಣಿಸಬಾರದಿತ್ತು. ಮೂರು ಸಲ ಎಂದು ನನ್ನ ಲೆಕ್ಕ. ಐದು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಮೂರನೆಯದರ ಮರುದಿನ ಬೆಳಿಗ್ಗೆ ಕಚೇರಿಯ ಆ ಗೆಳೆಯ ನೋಡಲು ಬಂದ. ಕಾರಿಡಾರಿನಲ್ಲೇ ಅವನ ಕೈ ಹಿಡಿದುಕೊಂಡೆ.

"ನಾಲ್ಕನೆಯ ಸಲವೂ ಎದ್ದ ಅಂತ ಹೇಳು."

"ಅದು ಆ ಹುತಾತ್ಮನ ಕಥೆ, ನಿನ್ನ ಮಗನದ್ದಲ್ಲ."

"ಗೊತ್ತು. ಆದ್ರೂ ಹೇಳು."

ಅವನು ಅಂಗಿಯ ತೋಳನ್ನು ಹಚ್ಚೆಯ ಮೇಲೆ ಎಳೆದುಕೊಂಡ. "ಎದ್ದ," ಎಂದ. "ಎದ್ದ, ಖಲಾಸ್, ಅಷ್ಟೇ." ಹೀಗೆ ಹೇಳಿದನೆಂದೇ ನನ್ನ ನೆನಪು. ಸಾಕ್ಷಿಗೆ ಯಾರೂ ಇಲ್ಲ.

ಮಧ್ಯಾಹ್ನ ಯಂತ್ರ ಮತ್ತೆ ಕೂಗಿತು. ನರ್ಸ್ ಅಂಗಾಲಿಗೆ ಚಿಮ್ಮಿದರು. ಮತ್ತೆ ಚಿಮ್ಮಿದರು. ಡಾಕ್ಟರು ಓಡಿ ಬಂದರು, ನನ್ನನ್ನು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಅವರೇ ಹೊರಗೆ ಬಂದು, ಈ ಸಲ ಉಸಿರು ಮರಳಲಿಲ್ಲ ಎಂದು ಹೇಳಿದರು.

ಮೇಲಿನ ವಾರ್ಡಿಗೆ ಹತ್ತಿದೆ. ಹೆಂಡತಿ ಮಂಚದ ಅಂಚಿನಲ್ಲಿ ಕುಳಿತಿದ್ದಳು.

"ಎಂಥ ಮಾರಾಯ್ರೆ ಇಷ್ಟು ಹೊತ್ತು? ಉಸಿರಾಡ್ತಾ ಉಂಟಲ್ಲ ಮಗು?"

"ಹ್ಞೂಂ."

"ಹಾಲು ತೆಗೆದಿಟ್ಟಿದ್ದೇನೆ. ತಣ್ಣಗಾಗುವ ಮೊದಲು ಕೊಂಡೋಗಿ ಕೊಡಿ."

ನಾನು ಬಟ್ಟಲು ತೆಗೆದುಕೊಂಡು, ಚೆಲ್ಲದಂತೆ ಹಿಡಿದು, ಮೆಟ್ಟಿಲಿಳಿದೆ.