ಹೇಮಾವತಿಯ ಪರೀಕ್ಷೆ

ಸೇತುವೆ ತೀರಾ ಒಳ್ಳೆಯದಾಗಿ ಕಂಡಾಗಲೇ ಹೇಮಾವತಿಗೆ ಅನುಮಾನ ಬಂದದ್ದು.

ಅವಳು ಬಸವಾಪಟ್ಟಣದಲ್ಲೇ ಹುಟ್ಟಿ ಬೆಳೆದವಳು. ಡಿಪ್ಲೊಮಾ ಮುಗಿಸಿ ಸೇತುವೆ ತಪಾಸಣೆಯ ಕೆಲಸಕ್ಕೆ ಸೇರಿದಾಗ ಅದೆಂಥ ಉದ್ಯೋಗವೆಂದು ಊರಿನವರ ತಲೆಗೇ ಹೋಗಲಿಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಬಿಸಿಲಲ್ಲಿ ಸುತ್ತುವುದು, ಸೇತುವೆಗೆ ಅಂಗೈಯಗಲದ ಸೆನ್ಸರ್ ಅಂಟಿಸಿ ಲ್ಯಾಪ್‌ಟಾಪ್ ಮುಂದೆ ಕೂರುವುದು. ಗಾಡಿ ಹೋದರೆ ಯಾವ ಸೇತುವೆಯಾದರೂ ನಡುಗುತ್ತದೆ. ಒಳಗೆ ಬಿರುಕು ಬಿಟ್ಟು ಸಡಿಲಾಗಿದ್ದರೆ ಆ ನಡುಕದ ಲಯ ನಿಧಾನವಾಗುತ್ತದೆ. ಹೊರಗೆ ಬಣ್ಣ ಬಳಿದು ಜನರ ಕಣ್ಣಿಗೆ ಮಣ್ಣೆರಚಬಹುದು, ನಡುಕವನ್ನು ಮುಚ್ಚಿಡಲು ಆಗುವುದಿಲ್ಲ.

ಈಗ ಅವಳದೇ ಊರಿನ ಹಳ್ಳದ ಸೇತುವೆಯ ಸರದಿ. ಕಂಬದಿಂದ ಕಂಬಕ್ಕೆ ಹಾಸಿದ ಮೂರು ಅಂಕಣ, ಮೂರೂ ಒಂದೇ ಅಳತೆಯವು, ಒಟ್ಟಿಗೇ ಕಟ್ಟಿದವು. ಒಂದೇ ಲಯದಲ್ಲಿ ನಡುಗಬೇಕು. ಆದರೆ ಬೆಳಗಿನಿಂದ ಜಲ್ಲಿ ಲಾರಿ, ಅಡಿಕೆ ತುಂಬಿದ ಟೆಂಪೊ ಹೋದರೂ ಪರದೆಯ ಗೆರೆ ಅಲ್ಲಾಡಿದ್ದೇ ಕಮ್ಮಿ. ಇಷ್ಟು ಸಣ್ಣ ನಡುಕದಲ್ಲಿ ಒಳ್ಳೆಯದು ಕೆಟ್ಟದ್ದು ಏನೂ ತಿಳಿಯುವಂತಿಲ್ಲ. ಸೆನ್ಸರ್ ಬಿಚ್ಚಿ ಮತ್ತೆ ಅಂಟಿಸಿದಳು. ಹಾಗೇ ಇತ್ತು.

ಅಷ್ಟರಲ್ಲಿ ಸೇತುವೆಯ ಊರ ಕಡೆ ತುದಿಯಿಂದ ದೊಡ್ಡಪ್ಪ ಬೆನಕಪ್ಪನ ಗಂಟಲು ಕೇಳಿಸಿತು. ಟವೆಲ್ ಬೀಸಿ ಒಂದು ಟ್ರ್ಯಾಕ್ಟರ್ ನಿಲ್ಲಿಸಿದ್ದ.

"ಮೆಲ್ಲಕೆ ಹೋಗಪ್ಪಾ, ಅಲ್ಲಾಡಿಸಬ್ಯಾಡ. ನಮ್ಮ ಹೇಮಾಂದು ಪರೀಕ್ಷೆ ಐತೆ!"

ಹೇಮಾವತಿಗೆ ಮೈಯೆಲ್ಲ ಉರಿದುಹೋಯಿತು. "ನಾಳೆ ಹಳ್ಳದ ಹತ್ರ ಪರೀಕ್ಷೆ ಐತೆ" ಎಂದು ಮನೆಯಲ್ಲಿ ಹೇಳಿದ್ದವಳು ಅವಳೇ. ಮನೆಮಗಳು ಪಾಸಾಗಲಿ ಎಂದು ಈ ಪುಣ್ಯಾತ್ಮ ಊರಿನ ಗಾಡಿಗಳನ್ನೆಲ್ಲ ತುಂಬು ಬಸುರಿಯರ ಹಾಗೆ ನಡೆಸುತ್ತಿದ್ದ. ಇಂಥ ಪ್ರೀತಿಯನ್ನು ಕಟ್ಟಿಕೊಂಡು ಏನು ಮಾಡುವುದು!

ಎದ್ದು ಬೈಯಬೇಕು ಅನ್ನುವಷ್ಟರಲ್ಲಿ, ಅವಳು ಕೂತಿದ್ದ ಆಚೆ ತುದಿಯಲ್ಲಿ ಬೆನ್ನ ಹಿಂದಿನಿಂದ ಚನ್ನಗಿರಿ ಬಸ್ಸು ಬಂತು, ಆ ದಿಕ್ಕಿನಿಂದ ಅಂದಿನ ಮೊದಲ ದೊಡ್ಡ ಗಾಡಿ. ಅದರ ಡ್ರೈವರಿಗೆ ಹೇಮಾ ಯಾರೋ, ಪರೀಕ್ಷೆ ಯಾವುದೋ. ಜನ ತುಂಬಿದ ಬಸ್ಸನ್ನು ಎಂದಿನ ಹಾಗೆ ಓಡಿಸಿಕೊಂಡು ಹೋದ. ಪರದೆಯಲ್ಲಿ ಮೂರೂ ಗೆರೆ ಎದ್ದವು. ಎರಡು ಜೊತೆಜೊತೆಗೆ ಕುಣಿದು ಸುಮ್ಮನಾದವು. ನಡುವಿನ ಅಂಕಣದ್ದು ಮಾತ್ರ ನಿಧಾನವಾಗಿ, ಭಾರವಾಗಿ ತೂಗುತ್ತಲೇ ಇತ್ತು. ಬಸ್ಸು ದಾಟಿದ್ದೇ ಪುಣ್ಯ.

ತಲೆ ಎತ್ತಿದರೆ ಊರ ಕಡೆಯಿಂದ ಜಲ್ಲಿ ತುಂಬಿದ ಲಾರಿ. ಓಡಿಸುತ್ತಿದ್ದವನು ಅವಳ ತಮ್ಮ ಸತೀಶ್ ಕುಮಾರ್. ಬೆನಕಪ್ಪ ಟವೆಲ್ ಬೀಸುತ್ತಿದ್ದ, "ಬಾ ಬಾ, ಮೆಲ್ಲಕೆ ಬಾ."

"ಬರಬ್ಯಾಡೋ! ನಿಲ್ಸೋ!"

ಚಪ್ಪಲಿ ಬಿಟ್ಟು ಓಡಿದಳು. ಲಾರಿಯ ಸದ್ದಿನಲ್ಲಿ ಅವಳ ಕೂಗು ಯಾರಿಗೂ ಕೇಳಲಿಲ್ಲ. ಮುಂದಿನ ಚಕ್ರ ಆಗಲೇ ಸೇತುವೆ ಹತ್ತಿತ್ತು. ನಡುವಿನ ಅಂಕಣ ದಾಟಿ ಬಂದು, ಎರಡೂ ಕೈ ಅಗಲಿಸಿ ಲಾರಿಗೆ ಎದುರಾಗಿ ನಿಂತಳು. ಬ್ರೇಕು ಕಿರುಚಿ ಲಾರಿ ಅವಳಿಗೆ ಮಾರು ದೂರದಲ್ಲಿ ನಿಂತಿತು. ಅಕ್ಕನ ಮುಖ ನೋಡಿದ ಸತೀಶ್ ಗಾಡಿ ಹಿಂದಕ್ಕೆ ತೆಗೆದ.

ಬೆನಕಪ್ಪನ ಮುಖ ಸಣ್ಣದಾಗಿತ್ತು. "ಯಾಕವ್ವಾ, ಫೇಲಾದ್ಯಾ?"

"ಪರೀಕ್ಷೆ ನಂದಲ್ಲ ದೊಡ್ಡಪ್ಪ, ಸೇತುವೆದು! ನಡುವೆ ಒಳಗೇ ಬಿರುಕು ಬಿಟ್ಕಂಡೈತೆ. ಸಾಹೇಬ್ರಿಗೆ ಫೋನ್ ಮಾಡ್ತೀನಿ. ಅಲ್ಲೀವರ್ಗೂ ಯಾರೂ ದಾಟಂಗಿಲ್ಲ."

ಅವನ ಕಣ್ಣು ನೋಡಿ, ಬೈಯುವುದನ್ನು ಬಿಟ್ಟು ಫೋನ್ ತೆಗೆದಳು.

"ಬೆಳಿಗ್ಗೆಯಿಂದ ಒಬ್ಬೊಬ್ಬರನ್ನೂ ನಾನೇ ಕರದು ಕರದು ಅದರ ಮೇಲೆ ಕಳಿಸಿದ್ನಲ್ಲೇ," ಎಂದ ಬೆನಕಪ್ಪ. "ಹೆಂಗಸರು ಮಕ್ಕಳು ಕೂತಿದ್ದ ಟ್ರ್ಯಾಕ್ಟರೂ ಇದ್ವು."

ಅವನು ರಸ್ತೆಯ ನಡುವೆಯೇ ಕುಕ್ಕರಿಸಿದ. ಹಿಂದಿನಿಂದ ಹಾರ್ನ್ ಹೊಡೆದರೂ ಏಳಲಿಲ್ಲ.